ಕೂಸಿನ ಹೆಸರಲೆ ಒಂದು ಹನಿ

ನೇಕಾರ ಓಣಿ ಶುರುವಾಗುವಲ್ಲಿ, ಹನುಮಪ್ಪನ ಗುಡಿ ಎದುರಿನ ಕಂಬಕ್ಕೆ ಒಂದು ಹಸಿರು ಫಲಕ ತೂಗುಹಾಕಿದ್ದರು. ಅದರ ಮೇಲೆ ಹೆಸರಿಲ್ಲ, ಜಾಹೀರಾತಿಲ್ಲ, ಬರೀ ಒಂದು ಅಂಕಿ. ತೊಂಬತ್ತೆಂಟು. ಎರಡು ವರ್ಷದ ಹಿಂದೆ ಶೈಲಶ್ರೀ ಗಾಳಿ ಬೆಳಕಿದ್ದ ಮನೆ ಬಿಟ್ಟು, ಅತ್ತೆ ಸಾವಂತ್ರವ್ವನನ್ನೂ ಮಗಳು ಪೂರ್ವಿಯನ್ನೂ ಕರೆದುಕೊಂಡು ಈ ಓಣಿಯ ಒಂದೂವರೆ ಕೋಣೆಗೆ ಬಂದದ್ದು ಆ ಅಂಕಿಯ ಮುಖ ನೋಡಿ. ಹಗಲಿಡೀ ಕರೆಂಟಿನ ಮಗ್ಗಗಳ ಖಟಖಟ, ಪಕ್ಕದಲ್ಲಿ ಕೂತವರ ಮಾತು ಕೇಳಿಸುವುದಿಲ್ಲ, ನಲ್ಲಿಯಲ್ಲಿ ಮೂರು ದಿನಕ್ಕೊಮ್ಮೆ ನೀರು. "ಇದೇನು ಮನಿ ಹುಡುಕೀಯವ್ವಾ, ಗುಬ್ಬಿ ಗೂಡು" ಎಂದು ಅತ್ತೆ ಗೊಣಗಿದರೆ ಶೈಲಶ್ರೀ, "ಅತ್ತಿ, ಇಡೀ ಜಿಲ್ಲಾದಾಗ ಇದಕ್ಕಿಂತ ಗಟ್ಟಿ ಕೋಟಿ ಇಲ್ಲ" ಅಂದಿದ್ದಳು.

ಕೋಟೆ ಯಾವುದು, ವೈರಿ ಯಾರು ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ವೈರಿ ದಡಾರ. ನಮ್ಮ ಕಡೆಯ ಮುದುಕಿಯರು ಅದಕ್ಕೆ ಗೊಬ್ಬರ ಅನ್ನುತ್ತಾರೆ. ಉರಿ ಜ್ವರ, ಕೆಂಗಣ್ಣು, ಮೈತುಂಬ ಕೆಂಪು ದದ್ದು. ಬಂದು ಹೋಗುವ ರೋಗ, ಅದರಲ್ಲೇನು ಮಹಾ ಎಂದವರೇ ಬಹಳ. ಆದರೆ ಮನುಷ್ಯನ ಮೈಗೂ ಒಂದು ನೆನಪಿದೆ. ಒಮ್ಮೆ ಕಂಡ ರೋಗದ ಗುರುತು ಅದಕ್ಕೆ ಇರುತ್ತದೆ, ಮತ್ತೆ ಬಂದರೆ ಬಾಗಿಲಲ್ಲೇ ಹಿಡಿದು ಝಾಡಿಸುತ್ತದೆ. ಲಸಿಕೆ ಹಾಕುವುದೆಂದರೆ ಆ ಗುರುತನ್ನು ಮುಂಚೆಯೇ ಹಿಡಿಸಿಡುವುದು. ದಡಾರದ ಹಲ್ಕಾತನ ಇರುವುದು ಅಲ್ಲೇ. ಅದು ತಾನು ಕಾಡುವುದಲ್ಲದೆ, ಮೈ ಅಲ್ಲಿಯವರೆಗೆ ಕಲಿತಿಟ್ಟ ಬೇರೆ ರೋಗಗಳ ನೆನಪನ್ನೂ ಒರೆಸಿಕೊಂಡು ಹೋಗುತ್ತದೆ.

ಈ ನೆನಪನ್ನು ಒಂದೇ ಹನಿ ರಕ್ತದಲ್ಲಿ ಓದುವ ಯಂತ್ರ ಬಂದು ಮೂರು ವರ್ಷವಾಗಿತ್ತು. ಸರಕಾರಿ ಕಾಗದದಲ್ಲಿ ಅದಕ್ಕೆ ಮಾರುದ್ದದ ಹೆಸರು, ಜನ ಕರೆದದ್ದು ನೆನಪುಗನ್ನಡಿ. ಊಟದ ಡಬ್ಬಿಯಷ್ಟು ದೊಡ್ಡದು. ಬೆರಳು ಚುಚ್ಚಿ ಹನಿ ಇಟ್ಟರೆ, ಯಾವ ಯಾವ ರೋಗ ಈ ಮೈಗೆ ನೆನಪಿದೆ, ಎಷ್ಟು ಗಟ್ಟಿಯಾಗಿ ನೆನಪಿದೆ ಎಂದು ಸೀರೆಯ ಅಂಚಿನ ಚಿತ್ತಾರದ ಹಾಗೆ ಗೆರೆಗೆರೆಯಾಗಿ ತೋರಿಸುತ್ತಿತ್ತು. ಒಬ್ಬರ ಚಿತ್ತಾರ ಇನ್ನೊಬ್ಬರಿಗೆ ಇರುವುದಿಲ್ಲ. ಕನ್ನಡಿ ಬಂದ ಹೊತ್ತಿಗೇ ಲಸಿಕೆಯ ಬರವೂ ಬಂದಿತ್ತು. ದಡಾರದ ಲಸಿಕೆ ಬೆಳೆಸುವುದು ಕೋಳಿಮೊಟ್ಟೆಯೊಳಗಿನ ಎಳೆ ಮರಿಯ ಕೋಶಗಳಲ್ಲಿ. ದೇಶದೇಶಗಳಲ್ಲಿ ಕೋಳಿಜ್ವರ ಬಂದು ಆ ಮೊಟ್ಟೆಗಳೇ ಸಿಗದಾದವು. ಹಾಗಾಗಿ ಮೊದಲು ಕನ್ನಡಿ, ಆಮೇಲೆ ಸೂಜಿ ಎಂಬ ನಿಯಮ ಬಂತು. ನೆನಪಿದ್ದ ಮಗುವಿಗೆ ಹಸಿರು ಕಾರ್ಡು, ಅದಕ್ಕೆ ಲಸಿಕೆ ಬೇಕಿಲ್ಲ. ನೆನಪಿಲ್ಲದ್ದಕ್ಕೆ ಕೆಂಪು ಕಾರ್ಡು, ಅದನ್ನು ಜಿಲ್ಲಾ ಆಸ್ಪತ್ರೆಗೆ ಒಯ್ದು ಲಸಿಕೆ ಹಾಕಿಸಬೇಕು. ನೂರಕ್ಕೆ ತೊಂಬತ್ತೈದು ಮಕ್ಕಳು ಹಸಿರಾದ ಓಣಿಗೆ ಲಸಿಕೆಯ ಪೆಟ್ಟಿಗೆ ಕಳಿಸುವುದು ಬಂದ್. ಅಷ್ಟು ಮಂದಿಗೆ ನೆನಪಿದ್ದರೆ ರೋಗಕ್ಕೆ ಒಬ್ಬರಿಂದ ಒಬ್ಬರಿಗೆ ದಾಟಲು ಹಾದಿ ಸಿಗುವುದಿಲ್ಲ, ಉಳಿದ ಐದು ಮಂದಿ ಆ ಬೇಲಿಯೊಳಗೆ ಕ್ಷೇಮ.

ಆ ಐದರಲ್ಲಿ ಒಬ್ಬಳು ಪೂರ್ವಿ. ಒಂಬತ್ತು ವರ್ಷದವಳು. ಏಳನೆಯ ವರ್ಷದಲ್ಲಿ ಅವಳಿಗೆ ರಕ್ತದ ಕ್ಯಾನ್ಸರ್ ಬಂದಿತ್ತು. ಔಷಧಿ ರೋಗವನ್ನು ಹಿಂದೆ ತಳ್ಳಿತು, ಜತೆಗೆ ಕೂಸಿದ್ದಾಗ ಹಾಕಿಸಿದ ಲಸಿಕೆಯ ನೆನಪನ್ನೂ ಅಳಿಸಿತು. ಇನ್ನೂ ದಿನಾ ಮಾತ್ರೆ ನುಂಗಬೇಕು. ದಡಾರದ ಲಸಿಕೆಯಲ್ಲಿರುವುದು ಕೈಕಾಲು ಮುರಿದ ಜೀವಂತ ರೋಗಾಣು. ಬೇರೆ ಮಕ್ಕಳಿಗೆ ಅದು ಏನೂ ಮಾಡದು, ಪೂರ್ವಿಯ ಸೋತ ಮೈಗೆ ಅದನ್ನು ಹಾಕುವಂತಿಲ್ಲ. ಗಂಡ ಲಾರಿ ಅಪಘಾತದಲ್ಲಿ ತೀರಿಕೊಂಡ ಮೇಲೆ ಶೈಲಶ್ರೀಗೆ ಇದ್ದದ್ದು ಇವಳೊಬ್ಬಳೇ. ತಾಲೂಕಿನ ಕನ್ನಡಿ ಕೇಂದ್ರದಲ್ಲಿ ಹನಿ ತೆಗೆಯುವ ಕೆಲಸ ಅವಳದು. ಹಾಗಾಗಿ ಯಾವ ಓಣಿ ಎಷ್ಟು ಹಸಿರು ಎಂಬುದು ಊರಲ್ಲಿ ಎಲ್ಲರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು.

ಮಂಗಳವಾರ ಬೆಳಿಗ್ಗೆ ಅವಳು ಕೇಂದ್ರದ ಮಹಡಿ ಮೇಲಿನ ನಿಯಂತ್ರಣ ಕೊಠಡಿಗೆ ಹೋದಾಗ ಡಾಕ್ಟರ್ ಮುಲ್ಲಾ ಮೇಡಂ ಗೋಡೆಯ ನಕ್ಷೆಯ ಮುಂದೆ ನಿಂತಿದ್ದರು. ಹಸಿರು ಚುಕ್ಕಿಗಳ ನಡುವೆ ಒಂದು ಕೆಂಪು ಚುಕ್ಕಿ ಮಿಣಮಿಣ ಎನ್ನುತ್ತಿತ್ತು.

"ಶೈಲಾ, ನಿಮ್ಮ ಓಣಿ ನೋಡ್ರಿ. ಅಂಗನವಾಡಿ ಟೀಚರ್ ಫೋನ್ ಮಾಡಿದ್ರು. ಹದಿನಾಲ್ಕು ತಿಂಗಳ ಕೂಸು. ಜ್ವರ, ಕೆಂಗಣ್ಣು, ಇವತ್ತು ಮುಖದ ಮ್ಯಾಲೆ ದದ್ದು. ಫೋಟೋ ಕಳಿಸ್ಯಾರ, ದಡಾರನ."

"ಯಾರ ಕೂಸು, ಮೇಡಂ?"

"ಮಾಳಿಂಗ ಅಂತ. ತಾಯಿ ಹೆಸರು ಕಸ್ತೂರಿ. ಆದ್ರ ತಮಾಷೆ ನೋಡ್ರಿ, ಕೂಸಿನ ಕಾರ್ಡು ಹಸಿರೈತಿ! ನೆನಪಿದ್ದ ಕೂಸಿಗೆ ದಡಾರ ಹ್ಯಾಂಗ ಬಂತು? ಕನ್ನಡಿ ಕೆಟ್ಟೈತೋ, ರೋಗ ವೇಷ ಬದಲಿ ಮಾಡೈತೋ?"

ಕನ್ನಡಿ ಕೆಟ್ಟಿರಲಿಲ್ಲ, ರೋಗವೂ ವೇಷ ಬದಲಿಸಿರಲಿಲ್ಲ. ಕೆಟ್ಟದ್ದೇನು ಎಂದು ಆ ಕೋಣೆಯಲ್ಲಿ ಶೈಲಶ್ರೀ ಒಬ್ಬಳಿಗೇ ಗೊತ್ತಿತ್ತು. "ನೋಡೂಣ್ರಿ" ಎಂದು ಹೇಳಿ ಮೆಟ್ಟಿಲಿಳಿದು ಬಂದಳು.

ಐದು ತಿಂಗಳ ಹಿಂದೆ, ಇದೇ ಕಸ್ತೂರಿ ಒಂಬತ್ತು ತಿಂಗಳ ಮಾಳ್ಯಾನನ್ನು ಸೆರಗಿನಲ್ಲಿ ಸುತ್ತಿಕೊಂಡು ಸರದಿಯ ಕೊನೆಗೆ ಬಂದು ಕೂತಿದ್ದಳು. ಗೋಡೆಗೆ ಗೋಡೆ ಹತ್ತಿದ ನೆರೆಮನೆಯವಳು, ಅಕ್ಕಾ ಅಕ್ಕಾ ಎಂದು ಬಾಯಿ ತುಂಬ ಕರೆಯುವವಳು. ಕೂಸಿನ ಬೆರಳು ಚುಚ್ಚಿದರೆ ರಕ್ತ ಬರಲೊಲ್ಲದು, ಕೂಸು ಕಿರುಚಿ ಕಿರುಚಿ ನೀಲಿಗಟ್ಟುತ್ತಿತ್ತು. ಎರಡನೇ ಸಲ ಚುಚ್ಚಲು ಹೋದಾಗ ಕಸ್ತೂರಿ ಅಡ್ಡ ಕೈ ಹಿಡಿದಳು.

"ಅಕ್ಕಾ, ಬ್ಯಾಡ. ಕೂಸಿನ ಹೆಸರಲೆ ನಾನ ಕೊಡ್ತೀನಿ, ತಗೋ."

"ಹಂಗ ಬರೂದಿಲ್ಲ ಕಸ್ತೂರಿ."

"ಯಾಕ ಬರೂದಿಲ್ಲ? ಇವನ ಹೆಸರಲೆ ಐದು ಶನಿವಾರ ಉಪಾಸ ಮಾಡೀನಿ. ಇವಂಗ ಜ್ವರ ಬಂದಾಗ ಹನಮಪ್ಪಗ ದೀಡ ನಮಸ್ಕಾರ ಹಾಕಿದಾಕಿ ನಾನ. ದೇವರ ಒಪ್ಪಿಕೊಂಡಾನ, ನಿನ್ನ ಡಬ್ಬಿ ಒಪ್ಪಾಂಗಿಲ್ಲೇನು?"

ಆ ಓಣಿಯ ಹೆಂಗಸರ ಬದುಕೇ ಹಾಗಿತ್ತು. ಮಕ್ಕಳ ಪಾಲಿನ ನೋವು, ಹಸಿವು, ಹರಕೆ ಎಲ್ಲವನ್ನೂ ತಾಯಂದಿರು ಅವರ ಹೆಸರಲ್ಲಿ ತಮ್ಮ ಮೈಮೇಲೆ ಎಳೆದುಕೊಳ್ಳುವುದು. ಒದ್ದೆ ಬಟ್ಟೆಯಲ್ಲಿ ಗುಡಿಯವರೆಗೆ ಮಲಗುತ್ತ ಏಳುತ್ತ ಹೋಗಿ ಬಂದ ಮೊಣಕಾಲಿನ ಗಾಯ ಯಾವ ತಾಯಿಗಿಲ್ಲ? ಶೈಲಶ್ರೀ ಕೂಡ ಪೂರ್ವಿಯ ಹೆಸರಲ್ಲಿ ಎರಡು ವರ್ಷದಿಂದ ಸಿಹಿ ಮುಟ್ಟಿರಲಿಲ್ಲ. ಜತೆಗೆ ಅವಳು ಓದಿದ್ದ ಅರೆಬರೆ ವಿಜ್ಞಾನವೂ ಪಿಸುಗುಟ್ಟಿತು: ತಾಯಿಯ ನೆನಪು ಕೂಸಿನ ಮೈಯಲ್ಲಿ ಕೆಲವು ತಿಂಗಳು ಇದ್ದೇ ಇರುತ್ತದಲ್ಲ, ಏನು ಮಹಾ ಫರಕು? ಅದು ಒಂಬತ್ತು ತಿಂಗಳ ಹೊತ್ತಿಗೆ ಕರಗಿಹೋಗುತ್ತದೆ ಎಂಬುದನ್ನು ನೆನಪಿಸಿಕೊಳ್ಳಲು ಅವಳಿಗೆ ಆಗ ಮನಸ್ಸಿರಲಿಲ್ಲ. ಕಸ್ತೂರಿಯ ಬೆರಳು ಚುಚ್ಚಿದಳು. ಕಸ್ತೂರಿಗೆ ಶಾಲೆಯಲ್ಲಿದ್ದಾಗಲೇ ಲಸಿಕೆಯಾಗಿತ್ತು. ಮಾಳಿಂಗ ಎಂಬ ಹೆಸರಿನ ಮುಂದೆ ಹಸಿರು ಬಿತ್ತು.

ಹೊಸದಾಗಿ ಹುಟ್ಟಿದ, ಹೊಸದಾಗಿ ಬಂದ ನೇಕಾರ ಸಂಸಾರಗಳ ಮಕ್ಕಳನ್ನು ಸೇರಿಸಿ ಓಣಿಯ ಲೆಕ್ಕ ಆಗ ಮತ್ತೆ ನಡೆದಿತ್ತು. ಸುದ್ದಿ ಓಣಿಯಲ್ಲಿ ಬಾಯಿಂದ ಬಾಯಿಗೆ ಹರಿಯಿತು. ಶೈಲಕ್ಕ ಕೂಸುಗಳನ್ನು ಅಳಿಸುವುದಿಲ್ಲವಂತೆ, ತಾಯಂದಿರೇ ಕೊಡಬಹುದಂತೆ. ಕೆಂಪು ಕಾರ್ಡು ಬಂದರೆ ಒಂದು ದಿನದ ಮಗ್ಗ ನಿಲ್ಲಿಸಿ ಜಿಲ್ಲಾ ಆಸ್ಪತ್ರೆಗೆ ಓಡಬೇಕು, ಹಸಿರು ಬಂದರೆ ಮನೆಗೆ. ಯಾರು ಬೇಡ ಅನ್ನುತ್ತಾರೆ? ಆದರೆ ಶೈಲಶ್ರೀಯನ್ನು ಬರೀ ಕರುಣೆಯ ಹೆಂಗಸು ಅಂದರೆ ನಾನು ಸುಳ್ಳು ಹೇಳಿದಂತೆ. ಅವಳಿಗೆ ಹಸಿರಿನ ಆಸೆ ಹತ್ತಿತ್ತು. ಒಂದೊಂದು ಹಸಿರು ಚುಕ್ಕಿ ಬಿದ್ದಾಗಲೂ ಮಗಳ ಸುತ್ತಲಿನ ಕೋಟೆಗೆ ಒಂದು ಕಲ್ಲು ಹೆಚ್ಚಾಯಿತೆಂದು ಒಳಗೊಳಗೇ ಹಿಗ್ಗುತ್ತಿದ್ದಳು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಮಧ್ಯಾಹ್ನ ರಜೆ ಹಾಕಿ ಓಡಿದಳು. ಕಸ್ತೂರಿಯ ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿರಲಿಲ್ಲ. ಗೊಬ್ಬರ ಬಂದ ಮನೆಗೆ ಆ ಓಣಿಯವರು ತಪ್ಪದೆ ಕಟ್ಟುತ್ತಿದ್ದರು. ಒಳಗೆ ಮಾಳ್ಯಾ ತಾಯಿಯ ತೊಡೆಯ ಮೇಲೆ ಏದುಸಿರು ಬಿಡುತ್ತ ಬಿದ್ದಿದ್ದ.

"ಕಸ್ತೂರಿ, ಕೂಸನ್ನ ದವಾಖಾನಿಗೆ ಕರಕೊಂಡು ಹೋಗೂಣು ನಡಿ. ಇದು ಗೊಬ್ಬರ."

"ಏ, ಸುಮ್ನಿರಕ್ಕಾ! ಹದಿನೈದು ದಿನದ ಹಿಂದ ಮದುವಿಗೆ ಹೋಗಿದ್ವಲ್ಲ, ಅಲ್ಲಿ ಹೊಟ್ಟಿಗೆ ಆಗಿಬರಲಿಲ್ಲ. ಹೀಟ್ ಆಗೈತಿ. ಗೊಬ್ಬರ ಹ್ಯಾಂಗ ಆದೀತು?" ಕಸ್ತೂರಿ ದೇವರ ಮಾಡಿನಿಂದ ಹಸಿರು ಕಾರ್ಡು ತಂದು ತೋರಿಸಿದಳು. ಅದಕ್ಕೆ ಕುಂಕುಮ ಹಚ್ಚಿತ್ತು. "ನೀನ ಕೊಟ್ಟಿದ್ದು. ಮರತಿಯೇನು?"

ಶೈಲಶ್ರೀ ಕಾರ್ಡನ್ನು ವಾಪಸು ಕೊಟ್ಟಳು. ನಿಜ ಹೇಳಿದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಪೂರ್ವಿಯ ಮಾತ್ರೆ ನಿಲ್ಲುತ್ತದೆ. ಜೈಲಾದರೂ ಆದೀತು. "ಆದ್ರೂ ಒಮ್ಮೆ ತೋರಿಸು" ಎಂದಷ್ಟೇ ಹೇಳಿ ಹೊರಗೆ ಬಂದಳು. ಆ ಅರ್ಧ ದಿನವನ್ನು ಅವಳು ಜನ್ಮದಲ್ಲಿ ತನಗೆ ತಾನು ಕ್ಷಮಿಸಿಕೊಳ್ಳಲಿಲ್ಲ.

ಮನೆಯಲ್ಲಿ ಪೂರ್ವಿ ಅಜ್ಜಿಯ ಜತೆ ಕೂತು ಬಣ್ಣದ ನೂಲಿನ ತುಂಡುಗಳನ್ನು ಗಂಟು ಹಾಕುತ್ತಿದ್ದಳು. ಕೂದಲು ಈಗಷ್ಟೇ ಮತ್ತೆ ಬಂದು ಕಿವಿ ಮುಚ್ಚುವಷ್ಟಾಗಿತ್ತು.

"ಪೂರ್ವಿ, ಕಸ್ತೂರಿ ಕಾಕೂ ಮನಿಗೆ ಹೋಗಿದ್ದೇನು ನೀನು? ಯಾವಾಗ ಹೋಗಿದ್ದಿ?"

"ಐತವಾರ ಹೋಗಿದ್ದೆ, ಅವ್ವಾ. ಕಾಕೂ ರೊಟ್ಟಿ ಮಾಡಾಕತ್ತಿದ್ಳು, ಮಾಳ್ಯಾ ಒಂದ ಸಮನ ಅಳಾಕತ್ತಿದ್ದ. ನಾನ ತೊಟ್ಟಲಾ ತೂಗಿ ಮಲಗಿಸಿದೆ. ನೀನ ಹೇಳೀದಿಯಲ್ಲ, ನಮ್ಮ ಓಣ್ಯಾಗ ಎಲ್ಲಿ ಬೇಕಾದಲ್ಲಿ ಹೋಗಬಹುದು ಅಂತ?"

ಶೈಲಶ್ರೀ ಬೆರಳು ಮಡಚಿ ದಿನ ಎಣಿಸಿದಳು. ದದ್ದು ಏಳುವ ನಾಲ್ಕು ದಿನ ಮುಂಚಿನಿಂದಲೇ ಉಸಿರಿನಲ್ಲಿ ದಡಾರ ಹರಡುತ್ತದೆ. ಭಾನುವಾರ ಎಂದರೆ ನಡುಮಧ್ಯ. ರೋಗಾಣು ಮೈ ಸೇರಿದ ಆರು ದಿನದೊಳಗೆ, ದಡಾರದ ನೆನಪು ಗಟ್ಟಿಯಿದ್ದವರ ರಕ್ತದಿಂದ ತೆಗೆದ ಔಷಧಿ ಕೊಟ್ಟರೆ ತಡೆಯಬಹುದು. ಆರನೇ ದಿನ ಶನಿವಾರ. ಅದು ದಾಟಿದರೆ ಪೂರ್ವಿಯಂಥ ಮಗು ದಡಾರ ಗೆದ್ದು ಬರುವುದು ಕಷ್ಟ ಎಂದು ಪಟ್ಟಣದ ಡಾಕ್ಟರು ಹಿಂದೆಯೇ ಹೇಳಿದ್ದರು. ಸಾವಂತ್ರವ್ವ ನೀರು ತಂದು ಕೊಟ್ಟು, ಸೊಸೆಯ ಬಾಯಿಂದ ಎಲ್ಲವನ್ನೂ ಕೇಳಿದಳು.

"ಮುಚ್ಚಿಡಬ್ಯಾಡ ಶೈಲಾ. ಬೆಂಕಿ ಸೆರಗಿನಾಗ ಕಟ್ಟಿಕೊಂಡ್ರ ಸೆರಗ ಮೊದಲ ಸುಡತೈತಿ. ನಾಳೆ ಹೋಗಿ ಬಾಯಿಬಿಟ್ಟು ಹೇಳು."

ಬುಧವಾರ ಮುಲ್ಲಾ ಮೇಡಂ ಅಷ್ಟರಲ್ಲಾಗಲೇ ಹಾದಿ ಹಿಡಿದಿದ್ದರು. ಕನ್ನಡಿಯ ಹಳೆಯ ದಾಖಲೆಗಳನ್ನೆಲ್ಲ ಒಂದಕ್ಕೊಂದು ಹೋಲಿಸಿ ನೋಡುವಂತೆ ಯಂತ್ರಕ್ಕೆ ಹಚ್ಚಿದ್ದರು. ಅದನ್ನು ಅದುವರೆಗೆ ಯಾರೂ ಮಾಡಿರಲಿಲ್ಲ, ಮಾಡಬೇಕೆಂದು ಯಾರಿಗೂ ಹೊಳೆದೂ ಇರಲಿಲ್ಲ.

"ಇಲ್ಲಿ ಬರ್ರಿ ಶೈಲಾ. ಅಕ್ಕ, ತಂಗಿ, ತಮ್ಮ, ಮೂರು ಮಕ್ಕಳು. ಮೂರೂ ಚಿತ್ತಾರ ಒಂದ. ಗೆರಿ ಹೆಚ್ಚಿಲ್ಲ, ಕಡಿಮಿ ಇಲ್ಲ. ಇದು ಸಾಧ್ಯ ಏನ್ರಿ?"

"ಅದು ಮಕ್ಕಳದಲ್ಲ ಮೇಡಂ. ಅವರ ತಾಯೀದು." ಶೈಲಶ್ರೀ ಕಣ್ಣು ಮೇಲೆತ್ತದೆ ಹೇಳಿದಳು. "ನಾನ ತಗೊಂಡೀನಿ. ನಮ್ಮ ಓಣಿದು ಒಟ್ಟು ಅರವತ್ತೊಂದು."

ಮೇಡಂ ಕುರ್ಚಿಯಲ್ಲಿ ಕೂತುಬಿಟ್ಟರು.

"ನಿಮ್ಮ ಓಣಿ ಹಸಿರು ಅಂತ ಎರಡು ಪೆಟ್ಟಿಗಿ ಲಸಿಕೆ ನಾನ ಬ್ಯಾರೆ ಕಡೆ ಕಳಿಸಿದೆ. ಈ ಕೈಯಾಗ ಸಹಿ ಮಾಡಿದೆ. ನಿಮಗ ತಿಳಿಯದ ವಿಷಯ ಅಲ್ಲ ಇದು. ನಿಮ್ಮ ಮಗಳು ಅಲ್ಲೇ ಇರತಾಳಲ್ರೀ, ಶೈಲಾ! ಆಕಿ ಸುತ್ತನ ಸುಳ್ಳು ಕಟ್ಟಿದ್ರೇನ್ರಿ?"

ಶೈಲಶ್ರೀ ನಿಂತಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ಮೇಡಂ ಅವಳನ್ನು ಅಳಲು ಬಿಟ್ಟು ಫೋನು ಹಿಡಿದರು. ಲಸಿಕೆ ಮರುದಿನ ಬೆಳಿಗ್ಗೆ ಬರುವುದಾಯಿತು. ಪೂರ್ವಿಗೆ ಬೇಕಾದ ಔಷಧಿ ಮಾತ್ರ ಎಲ್ಲೂ ಇರಲಿಲ್ಲ. ನಾಲ್ಕು ಜಿಲ್ಲೆಯಲ್ಲಿ ದಡಾರ ಎದ್ದಿದೆ, ಉಗ್ರಾಣ ಖಾಲಿ, ಮುಂದಿನ ಬುಧವಾರ ನೋಡೋಣ ಎಂದರು ಉಗ್ರಾಣದವರು. ಮುಂದಿನ ಬುಧವಾರಕ್ಕೆ ಹತ್ತನೇ ದಿನ. "ನಿಮ್ಮ ಮ್ಯಾಲಿನ ಕ್ರಮ ಆಮ್ಯಾಗ" ಎಂದರು ಮೇಡಂ. "ಈಗ ಹೋಗಿ ಆ ತಾಯಿಗೆ ನಿಜ ಹೇಳ್ರಿ. ಆಂಬುಲೆನ್ಸ್ ಕಳಸ್ತೀನಿ."

ಕಸ್ತೂರಿ ನಿಜವನ್ನು ನಿಂತೇ ಕೇಳಿದಳು. ಹಸಿರು ನಿನ್ನದು, ಕೂಸಿನದಲ್ಲ. ಕೂಸಿಗೆ ಏನೂ ನೆನಪಿಲ್ಲ. ಎರಡೆರಡು ಸಲ ಹೇಳಬೇಕಾಯಿತು.

"ಅಂದ್ರ, ನಾ ಇವನ ಹೆಸರಲೆ ಕೊಟ್ಟಿದ್ದು ಇವಂಗ ಮುಟ್ಟಲೇ ಇಲ್ಲೇನು?"

"ಇಲ್ಲ ತಂಗಿ."

"ನೀ ಓದಿದಾಕಿ. ನನಗ ತಿಳೀಲಿಲ್ಲ, ನಿನಗರ ತಿಳೀಬೇಕಿತ್ತಲ್ಲ ಯಕ್ಕಾ!" ಎಂದು ಕಸ್ತೂರಿ ಎದೆ ಎದೆ ಬಡಿದುಕೊಂಡಳು. ಆಂಬುಲೆನ್ಸ್ ಬರುವ ಹೊತ್ತಿಗೆ ಮಾಳ್ಯಾನ ಪಕ್ಕೆ ಒಳಗೆಳೆದುಕೊಳ್ಳುತ್ತಿತ್ತು. ದಡಾರ ಪುಪ್ಪುಸಕ್ಕೆ ಇಳಿದಿತ್ತು.

ಗುರುವಾರ ಗುಡಿಕಟ್ಟೆಯ ಮೇಲೆ ಮೇಜು ಹಾಕಿ ಓಣಿಯ ಮಕ್ಕಳನ್ನೆಲ್ಲ ಮತ್ತೆ ಚುಚ್ಚಿದರು. ಈ ಸಲ ಕೂಸುಗಳದೇ ಬೆರಳು. ಮಗ್ಗಗಳೆಲ್ಲ ನಿಂತಿದ್ದರಿಂದ ಆ ಅಳು ಓಣಿಯ ಆ ತುದಿಗೂ ಕೇಳುತ್ತಿತ್ತು. ಸಂಜೆಗೆ ಕಂಬದ ಫಲಕ ಬದಲಾಯಿತು. ತೊಂಬತ್ತೆಂಟು ಇದ್ದದ್ದು ಅರವತ್ತೊಂಬತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಕೆಂಪಾದವರಿಗೆಲ್ಲ ಅಲ್ಲೇ ಲಸಿಕೆ ಹಾಕಿದರು. ಹನಿ ತೆಗೆದವಳು ಶೈಲಶ್ರೀಯೇ, ಬೇರೆ ಕೈ ಇರಲಿಲ್ಲ. ಒಬ್ಬ ತಾಯಿಯೂ ಅವಳ ಮುಖ ನೋಡಲಿಲ್ಲ. ಒಬ್ಬಳು ಮಾತ್ರ ಕೂಸನ್ನು ಮುಂದೆ ಹಿಡಿದು, "ನೋಡಿ ಚುಚ್ಚವಾ, ಇದು ಕೂಸಿನ ಬೆರಳು" ಎಂದಳು. ಅದು ಚುಚ್ಚಿದಷ್ಟು ಯಾವ ಸೂಜಿಯೂ ಚುಚ್ಚಿರಲಿಲ್ಲ.

ಪೂರ್ವಿಯನ್ನು ಮುಲ್ಲಾ ಮೇಡಂ ಕೇಂದ್ರದ ಒಂದು ಕೋಣೆಯಲ್ಲಿ ಬೇರೆ ಇರಿಸಿದ್ದರು. ಉಗ್ರಾಣದ ಔಷಧಿ ಇಲ್ಲವಾದರೆ ಒಂದೇ ದಾರಿ. ಅದೇ ರಕ್ತದ ಗುಂಪಿನ, ದಡಾರದ ಗಟ್ಟಿ ನೆನಪಿರುವ ಒಬ್ಬರಿಂದ ರಕ್ತದ ಹಳದಿ ನೀರನ್ನು ಬೇರ್ಪಡಿಸಿ ನೇರ ಪೂರ್ವಿಗೆ ಏರಿಸುವುದು. ನೆನಪಿನ ಬಲ ಕನ್ನಡಿಯಲ್ಲಿ ಇನ್ನೂರು ದಾಟಿರಬೇಕು. ಶೈಲಶ್ರೀ ತನ್ನ ಬೆರಳನ್ನೇ ಮೊದಲು ಚುಚ್ಚಿಕೊಂಡಳು. ಹದಿನೆಂಟು. ಗುಂಪೂ ಬೇರೆ. ಕೇಂದ್ರದ ನರ್ಸು, ಕಾವಲುಗಾರ, ಮೇಡಂ ಸ್ವತಃ, ಎಲ್ಲರೂ ಕೊಟ್ಟರು. ಮೂವತ್ತು, ಇಪ್ಪತ್ತೆರಡು, ನಲವತ್ತು. ಎಂದೋ ಚಿಕ್ಕಂದಿನಲ್ಲಿ ಹಾಕಿಸಿಕೊಂಡ ಲಸಿಕೆ. ಅವರವರನ್ನು ಕಾಯಲು ಅಷ್ಟು ಸಾಕು, ಇನ್ನೊಬ್ಬರಿಗೆ ಕೊಡಲು ಸಾಲದು.

ಶುಕ್ರವಾರ ಬೆಳಿಗ್ಗೆ ಮೇಡಂ ಮೆಲ್ಲಗೆ ಹೇಳಿದರು. "ಒಬ್ಬಾಕಿ ಇದ್ದಾಳ. ಹಳೇ ನೆನಪು ಇದ್ದವರು ರೋಗಿನ್ನ ಹತ್ತಿರದಿಂದ ನೋಡಿಕೊಂಡ್ರ ಅವರಿಗೆ ರೋಗ ಬರೂದಿಲ್ಲ, ಆದ್ರ ಮೈ ಅದರ ಗುರುತು ಮತ್ತ ಹಿಡೀತೈತಿ. ನೆನಪು ಹತ್ತು ಪಟ್ಟು ಏರತೈತಿ. ಆಕಿ ವಾರದಿಂದ ಆ ಕೂಸನ್ನ ಎದಿಗೆ ಹಚ್ಚಿಕೊಂಡು ಕುಂತಾಳ. ಹೆರಿಗಿ ಕಾಗದ ನೋಡಿದೆ, ಗುಂಪೂ ಒಂದ."

ಹೆಸರು ಹೇಳಬೇಕಿರಲಿಲ್ಲ. ಶೈಲಶ್ರೀ ಸಿಕ್ಕ ಬಸ್ಸು ಹಿಡಿದು ಜಿಲ್ಲಾ ಆಸ್ಪತ್ರೆಗೆ ಹೋದಳು. ದಾರಿಯುದ್ದಕ್ಕೂ ಹೇಗೆ ಕೇಳಲಿ ಎಂದು ಮಾತು ಜೋಡಿಸಿದಳು. ಕಾಲು ಹಿಡಿಯುತ್ತೇನೆ, ಉಗಿದರೆ ಉಗಿಸಿಕೊಳ್ಳುತ್ತೇನೆ. ವಾರ್ಡಿನ ಬಾಗಿಲಿಗೆ ಬಂದರೆ ಒಳಗೆ ಕಸ್ತೂರಿ ನೆಲದ ಮೇಲೆ ಕೂತು ಒಂದು ಬಿಳಿ ಬಟ್ಟೆಯ ಗಂಟನ್ನು ತೂಗುತ್ತಿದ್ದಳು. ನರ್ಸು ಬಿಡಿಸಿಕೊಳ್ಳಲು ಹೋದರೆ ಬಿಡಲೊಲ್ಲಳು. ಹತ್ತು ನಿಮಿಷದ ಹಿಂದೆ ಮಾಳ್ಯಾ ಹೋಗಿದ್ದ.

ಶೈಲಶ್ರೀ ಒಳಗೆ ಕಾಲಿಡಲಿಲ್ಲ. ಕಂಬಕ್ಕೆ ತಲೆ ಚಚ್ಚಿಕೊಂಡಳು. ಮಗ ಸತ್ತ ತಾಯಿಯ ಹತ್ತಿರ, ಅವನನ್ನು ಕೊಂದ ಕೈ ಚಾಚಿ, ನನ್ನ ಮಗಳಿಗೆ ರಕ್ತ ಕೊಡು ಎಂದು ಕೇಳುವ ಬಾಯಿ ಯಾರಿಗಿದೆ? ಬಂದ ದಾರಿಯಲ್ಲೇ ವಾಪಸು ಹೋದಳು. ಸಂಜೆ ಹೊತ್ತು ಮುಳುಗುವ ಮೊದಲು ಕೂಸನ್ನು ಮಣ್ಣು ಮಾಡಿದರು. ಮಗ್ಗ ಒಂದೂ ನಡೆಯಲಿಲ್ಲ.

"ಕೇಳಿದೇನು?" ಎಂದಳು ಸಾವಂತ್ರವ್ವ.

"ನನ್ನ ಕೈಲೆ ಆಗಲಿಲ್ಲ ಅತ್ತಿ."

ಮುದುಕಿ ಪೂರ್ವಿಯ ಕಿಟಕಿಯ ಹತ್ತಿರ ಹೋಗಿ ಗಾಜಿನಾಚೆಯಿಂದ ಮೊಮ್ಮಗಳನ್ನು ನೋಡಿ ಬಂದಳು. ಪೂರ್ವಿ ಒಳಗಿನಿಂದ, "ಆಯಿ, ಮಾಳ್ಯಾ ಆರಾಮಾದನೇನು?" ಎಂದು ಕೂಗಿ ಕೇಳಿದಳು. ಹೂಂ ಎಂದು ಮುದುಕಿ ತಲೆಯಾಡಿಸಿದಳು.

ಶನಿವಾರ. ಆರನೇ ದಿನ. ಶೈಲಶ್ರೀ ಕೇಂದ್ರದ ಮೆಟ್ಟಿಲ ಮೇಲೆ ಕೂತಿದ್ದಳು. ದೇವರಿಗೆ ಬೇಡುವುದನ್ನೂ ಬಿಟ್ಟಿದ್ದಳು, ಯಾವ ಮುಖದಿಂದ ಬೇಡುವುದು? ಒಂಬತ್ತೂವರೆಗೆ ಗೇಟು ಕಿರ್ ಎಂದಿತು. ಸಾವಂತ್ರವ್ವ ಮುಂದೆ, ಹಿಂದೆ ಕಸ್ತೂರಿ. ಕೆದರಿದ ತಲೆ, ನಿನ್ನೆಯದೇ ಸೀರೆ, ಹಾಲು ಕಟ್ಟಿ ಎದೆ ಒದ್ದೆಯಾಗಿತ್ತು.

"ಸೂತಕದಾಗ ಬಂದೀನಿ" ಎಂದು ಕಸ್ತೂರಿ ಹೊಸ್ತಿಲಾಚೆಯೇ ನಿಂತಳು. "ಒಳಗ ಬರಲೋ ಬ್ಯಾಡೋ?"

ಶೈಲಶ್ರೀ ಅವಳ ಕಾಲ ಮೇಲೆ ಬಿದ್ದಳು. ಕಸ್ತೂರಿ ಕಾಲು ಹಿಂದಕ್ಕೆ ಎಳೆದುಕೊಂಡಳು.

"ಏಳು. ನಿನ್ನ ಸಲುವಾಗಿ ನಾ ಬಂದಿಲ್ಲ. ನಿನ್ನ ಮಾರಿ ನೋಡಾಕ ನನಗ ಮನಸ್ಸಿಲ್ಲ, ಸಾಯೂತನಕ ಇರಾಂಗಿಲ್ಲ. ಆ ಹುಡುಗಿ ನನ್ನ ಕೂಸಿನ ತೊಟ್ಟಲಾ ತೂಗ್ಯಾಳ. ಅಳಾಕತ್ತಿದ್ದ, ಆಕಿ ಬಂದು ತೂಗಿದ ಮ್ಯಾಲ ಮಲಗಿದ. ಅದ ಕಡೀ ನಿದ್ದಿ, ಆಮ್ಯಾಲ ಅವ ನಿದ್ದಿ ಮಾಡ್ಲೇ ಇಲ್ಲ."

ಮುಲ್ಲಾ ಮೇಡಂ ಅವಳನ್ನು ಭುಜ ಹಿಡಿದು ಒಳಗೆ ಕರೆದೊಯ್ದರು. ಹನಿ ತೆಗೆದು ಕನ್ನಡಿಗೆ ಇಟ್ಟರು. ಅಂಕಿ ಏರುತ್ತ ಹೋಯಿತು. ನೂರು, ಇನ್ನೂರು, ಮುನ್ನೂರ ತೊಂಬತ್ತು. ಮೇಡಂ ಕಣ್ಣು ಮುಚ್ಚಿಕೊಂಡರು.

"ಯಾಕ್ರೀ, ಸಾಲಾಂಗಿಲ್ಲೇನು?" ಎಂದಳು ಕಸ್ತೂರಿ.

"ಸಾಲತೈತಿ ತಂಗಿ. ನಿನ್ನಷ್ಟು ಯಾರ ಹತ್ರಾನೂ ಇಲ್ಲ."

"ಹ್ಯಾಂಗ ಬಂತು ನನಗ ಇಷ್ಟು?"

ಮೇಡಂ ಸುಳ್ಳು ಹೇಳಲಿಲ್ಲ. "ನಿನ್ನ ಕೂಸನ್ನ ಎತ್ತಿಕೊಂಡು ಕುಂತಿದ್ದಿಯಲ್ಲ, ಅದಕ್ಕ ಬಂತು."

ಕಸ್ತೂರಿ ತನ್ನ ಎರಡು ಕೈಗಳನ್ನು ನೋಡಿಕೊಂಡಳು. ಆಮೇಲೆ ಮಂಚದ ಮೇಲೆ ಮಲಗಿ ತೋಳು ಚಾಚಿದಳು. ಹೆಸರು ಬರೆದುಕೊಳ್ಳಲು ಕಾಗದ ಹಿಡಿದು ನಿಂತ ಶೈಲಶ್ರೀಗೆ ಪೆನ್ನು ಓಡಲಿಲ್ಲ. ಕಸ್ತೂರಿ ಗೋಡೆಯ ಕಡೆ ಮುಖ ಮಾಡಿಯೇ ಹೇಳಿದಳು: "ಪೂರ್ವಿ ಹೆಸರಲೆ ಬರಕೋ. ಈ ಸಲ ಮುಟ್ಟತೈತಲ್ಲ?"

"ಮುಟ್ಟತೈತಿ" ಎಂದರು ಮೇಡಂ.

ಮಧ್ಯಾಹ್ನ ಎರಡು ಗಂಟೆಗೆ ಪೂರ್ವಿಯ ತೋಳಿಗೆ ಆ ಹಳದಿ ನೀರು ತೊಟ್ಟು ತೊಟ್ಟಾಗಿ ಇಳಿಯಿತು. ಆಮೇಲೆ ಶುರುವಾದದ್ದು ಕಾಯುವ ದಿನಗಳು. ಈ ಔಷಧಿ ಏರಿಸಿದವರನ್ನು ಇಪ್ಪತ್ತೆಂಟು ದಿನ ಕಾಯಬೇಕು. ಶೈಲಶ್ರೀಗೆ ಕೆಲಸದಿಂದ ಅಮಾನತಿನ ಕಾಗದ ಬಂತು, ಅವಳು ಅದನ್ನು ಪೂರ್ತಿ ಓದಲೂ ಇಲ್ಲ. ದಿನಕ್ಕೆ ಹತ್ತು ಸಲ ಮಗಳ ಕಿವಿಯ ಹಿಂದೆ ದದ್ದು ಹುಡುಕುತ್ತಿದ್ದಳು. ಹನ್ನೊಂದನೇ ದಿನ ಸಣ್ಣ ಜ್ವರ ಬಂದಾಗ ಅನ್ನ ಬಿಟ್ಟಳು. ಜ್ವರ ಎರಡು ದಿನಕ್ಕೆ ಇಳಿಯಿತು. ಓಣಿಯಲ್ಲಿ ಇನ್ನೂ ಏಳು ಮಕ್ಕಳಿಗೆ ದಡಾರ ಬಂತು, ಏಳೂ ಉಳಿದವು, ಒಂದಕ್ಕೆ ಕಿವಿ ಹೋಯಿತು.

ಇಪ್ಪತ್ತೆಂಟನೇ ದಿನ ಮುಲ್ಲಾ ಮೇಡಂ ಪೂರ್ವಿಯ ಬೆರಳು ಚುಚ್ಚಿದರು. ದಡಾರ ಬಂದ ಗುರುತಿಲ್ಲ. ಏರಿಸಿದ ನೆನಪು ಇನ್ನೂ ಅರ್ಧದಷ್ಟಿದೆ. ಶೈಲಶ್ರೀ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು, ಮಗಳನ್ನು ಬಾಚಿ ತಬ್ಬಿದಳು. ಆಗ ಕನ್ನಡಿಯಿಂದ ಚೀಟಿ ಹೊರಬಂತು. ಆ ಗಲಾಟೆಯ ನಂತರ ಪ್ರತಿ ಹೊಸ ಹನಿಯನ್ನೂ ಹಳೆಯ ಎಲ್ಲ ಚಿತ್ತಾರಗಳ ಜತೆ ಹೋಲಿಸಿ ನೋಡುವ ಏರ್ಪಾಡು ಮಾಡಿದ್ದರು. ಚೀಟಿಯ ಕೊನೆಯಲ್ಲಿ ಒಂದು ಸಾಲಿತ್ತು: ಈ ನೆನಪು ಹೊಂದುವುದು ಮಾಳಿಂಗ, ವಯಸ್ಸು ಒಂಬತ್ತು ತಿಂಗಳು, ನೇಕಾರ ಓಣಿ.

ಇಬ್ಬರೂ ಆ ಸಾಲನ್ನೇ ನೋಡುತ್ತ ನಿಂತರು. ಅರವತ್ತೊಂದು ಸುಳ್ಳು ಕಾರ್ಡುಗಳಲ್ಲಿ ಅರವತ್ತನ್ನು ತಿದ್ದಿದ್ದರು. ಮಾಳಿಂಗನದು ಸಾವಿನ ನಂತರ ಮುಚ್ಚಿದ ಕಡತ, ಅದನ್ನು ಯಾರೂ ಮುಟ್ಟಿರಲಿಲ್ಲ. ಅಲ್ಲಿ ಇನ್ನೂ ಅವನ ಹೆಸರಿನ ಮುಂದೆ ಅವನ ತಾಯಿಯ ರಕ್ತವೇ ಇತ್ತು, ಪೂರ್ವಿಯ ಮೈಗೆ ಇಳಿದದ್ದೂ ಅದೇ ರಕ್ತದ ಚಿತ್ತಾರ.

"ತಿದ್ದಬೇಕು" ಎಂದರು ಮೇಡಂ. "ಹನಿ ತಗೊಂಡವರ ಬಂದು ಸಹಿ ಮಾಡಿ ತಿದ್ದಬೇಕಂತ ನಿಯಮ. ನೀವ ಮಾಡಬೇಕು."

ಶೈಲಶ್ರೀ ಮೊದಲು ಚೀಟಿ ಹಿಡಿದುಕೊಂಡು ಕಸ್ತೂರಿಯ ಮನೆಗೆ ಹೋದಳು. ಬಾಗಿಲಲ್ಲಿ ನಿಂತು ಚಾಚಿದಳು. ಕಸ್ತೂರಿ ಮಗ್ಗದ ಮುಂದಿನಿಂದ ಎದ್ದು ಬಂದು ಓದಿದಳು. ಮತ್ತೊಮ್ಮೆ ಓದಿದಳು. ಬೆರಳು ಹೆಸರಿನ ಮೇಲೆ ನಿಂತಿತು.

"ಪೂರ್ವಿ ಆರಾಮದಾಳ?"

"ಆರಾಮದಾಳ."

"ಇದರಾಗ ಮಾಳ್ಯಾನ ಹೆಸರು ಬಂದೈತಲ್ಲ."

"ಅದು ತಪ್ಪು, ಕಸ್ತೂರಿ. ನಿನ್ನ ಹೆಸರು ಇರಬೇಕಾಗಿತ್ತು. ಅವಂದು ಅಳಿಸಿ ನಿಂದು ಬರೀಬೇಕು. ಹೇಳದ ಮಾಡಬಾರದು ಅಂತ ಬಂದೆ."

ಕಸ್ತೂರಿ ಹೊಸ್ತಿಲ ಮೇಲೆ ಕೂತಳು. ಚೀಟಿಯನ್ನು ತೊಡೆಯ ಮೇಲೆ ಹರಡಿ, ಅಂಗೈಯಿಂದ ಸುಕ್ಕು ತೆಗೆದಳು. ಮಗ್ಗ ತನ್ನ ಪಾಡಿಗೆ ಖಟಖಟ ಎನ್ನುತ್ತಿತ್ತು.

"ಇವತ್ತೊಂದಿನ ಇರಲಿ" ಎಂದಳು. "ನಾಳೆ ತಿದ್ದು."

ಮರುದಿನ ಹತ್ತು ಗಂಟೆಗೆ ಶೈಲಶ್ರೀ ಹೋಗಿ ತಿದ್ದಿದಳು.